ಹತ್ತೊಂಬತ್ತನೇ ಗೇಟೂ ಐದು ಪ್ರಶ್ನೆಗಳೂ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ನೀರಿನ ಜೊತೆಗೇ ಹೊರಟುಹೋಯಿತು. ಮರುದಿನ ಬೆಳಿಗ್ಗೆ ಹೊಸಪೇಟೆಯಲ್ಲಿ ಕಣ್ಣುಬಿಟ್ಟ ಗಂಡಸರೆಲ್ಲ ಗೇಟ್ ತಜ್ಞರಾಗಿಯೇ ಎದ್ದರು. ಟಿ.ಬಿ. ಡ್ಯಾಂನವನಾದ ನಾನು ಅವರಿಗಿಂತ ಅರ್ಧ ತಾಸು ಮುಂಚೆಯೇ ತಜ್ಞನಾಗಿದ್ದೆ. ನಮ್ಮ ಮನೆ ಡ್ಯಾಂಗೆ ಹತ್ತಿರ. ಒಗ್ಗರಣಿ-ಮಿರ್ಚಿ ತಿಂದು ಮುಗಿಸುವ ಹೊತ್ತಿಗೆ ಚೈನು ಯಾಕೆ ತುಂಡಾಯಿತು, ಯಾರು ನೋಡಬೇಕಿತ್ತು, ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂಬ ಮೂರೂ ವಿಷಯಗಳನ್ನು ಹೋಟೆಲಿನವರಿಗೆ ಮನದಟ್ಟು ಮಾಡಿಕೊಟ್ಟಿದ್ದೆ.

ಪಕ್ಕದ ಮೇಜಿನಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡಿದ್ದ ಒಂದು ಸಹಕಾರ ಸಂಘದ ಕಾರ್ಯದರ್ಶಿಗಳು ಕೆಲವು ತಿಂಗಳ ನಂತರ ನನ್ನನ್ನು ಹುಡುಕಿಕೊಂಡು ಬಂದರು.

“ಸಾರ್, ನಮ್ಮ ಸಂಘಕ್ಕೆ ಹೊಸ ಸರ್ವರ್ ಬಂದೈತಿ. ಸದಸ್ಯರ ಸಾಲ, ಶೇರು, ಆಧಾರ್ ನಂಬರು ಎಲ್ಲ ಅದರಾಗೆ. ಒಳಗಿಂದು ಹೊರಗೆ ಹೋಗಬಾರದು, ಹೊರಗಿನೋರು ಒಳಗೆ ಬರಬಾರದು. ನಿಮಗೆ ಗೇಟಿನ ಅನುಭವ ಐತಲ್ರಿ?”

ಐತಿ ಎಂದೆ. ಹೀಗೆ ನಾನು ಡೇಟಾಬೇಸ್ ಭದ್ರತಾ ಸಲಹೆಗಾರನಾದೆ. ಹೊಸದಾಗಿ ಸರ್ವರ್ ಹಾಕಿಸಿದವರ ಉಪಯೋಗಕ್ಕೆಂದು ಆ ಅನುಭವವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಡೇಟಾಬೇಸನ್ನು ಅರ್ಥಮಾಡಿಕೊಳ್ಳಲು ಡ್ಯಾಂ ಒಂದನ್ನು ಅರಿತರೆ ಸಾಕು. ಎರಡರಲ್ಲೂ ಮೇಲಿನಿಂದ ಬಂದದ್ದನ್ನು ಹಿಡಿದಿಟ್ಟುಕೊಂಡು ಪಾಲುದಾರರಿಗೆ ಅಳೆದು ಬಿಡುತ್ತಾರೆ. ಎರಡರಲ್ಲೂ ಪಾಲುದಾರರಿಗೆ ಅಳತೆಯ ಮೇಲೆ ನಂಬಿಕೆ ಇರುವುದಿಲ್ಲ. ನಮ್ಮ ಸಂಘದಲ್ಲಿ ಹಾಕಿದ್ದು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್. ಅದು ಕೇಳಿಸಿಕೊಳ್ಳುವ ಬಾಗಿಲಿನ ಸಂಖ್ಯೆ 3306. ಕಂಪ್ಯೂಟರಿನವರು ಇದಕ್ಕೆ ಪೋರ್ಟ್ ಎನ್ನುತ್ತಾರೆ. ನಮ್ಮ ಡ್ಯಾಂಗೆ 33 ಗೇಟು, ಸರ್ವರಿನ ಪೋರ್ಟಿನ ಮೊದಲ ಎರಡು ಅಂಕಿಯೂ 33. ಇದು ಕಾಕತಾಳೀಯವಲ್ಲ ಎಂದು ಆಡಳಿತ ಮಂಡಳಿಗೆ ಹೇಳಿದಾಗ ಅಧ್ಯಕ್ಷರು ಎದ್ದು ನಿಂತು ಕೈಮುಗಿದರು. ಉಳಿದ 06ರ ಬಗ್ಗೆ ಯಾರೂ ಕೇಳಲಿಲ್ಲ.

ಸರ್ವರ್ ಹಾಕಲು ಬಂದ ಹುಡುಗ ಹೊಸ ಆವೃತ್ತಿಯನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವುದಾಗಿ ಹೇಳಿದ. ನಾನು ತಡೆದೆ. ಹಳೆಯದು ನಾಲ್ಕು ಕಾಲ ಬಾಳಿದ್ದು, ಹೊಸದರ ಗುಣ ಯಾರಿಗೆ ಗೊತ್ತು? ಕಾರ್ಯದರ್ಶಿಗಳ ಡ್ರಾಯರಿನಲ್ಲಿ ಹಳೆಯ ಸಿ.ಡಿ. ಇತ್ತು. ಅದನ್ನೇ ಹಾಕಿಸಿದೆ. ಹುಡುಗ ಏನೋ ಒಂದು ಕತೆ ತೆಗೆದ. 2003ರ ಜನವರಿ 25ರಂದು ಸ್ಲ್ಯಾಮರ್ ಎಂಬ 376 ಬೈಟಿನ ಹುಳ ಮೈಕ್ರೋಸಾಫ್ಟ್ ಕಂಪನಿಯ ಡೇಟಾಬೇಸ್ ಸರ್ವರುಗಳಿಗೆ ಹೊಕ್ಕಿತಂತೆ. ಸಿಗಬಹುದಾಗಿದ್ದ ಸರ್ವರುಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಹತ್ತೇ ನಿಮಿಷದಲ್ಲಿ ಹಿಡಿಯಿತಂತೆ. ಆ ತೂತು ಮುಚ್ಚುವ ತೇಪೆಯನ್ನು ಕಂಪನಿ ಆರು ತಿಂಗಳ ಮೊದಲೇ ಕೊಟ್ಟಿತ್ತಂತೆ, ಹಚ್ಚಿದವರು ಕಡಿಮೆಯಂತೆ. “ತಮ್ಮಾ, ಆರು ತಿಂಗಳಿನಾಗೆ ಯಾವ ಕಚೇರಿಯಾಗೆ ಫೈಲು ಮೂವ್ ಆಗತೈತಿ ಹೇಳು” ಎಂದೆ. ಅವನ ಬಳಿ ಉತ್ತರವಿರಲಿಲ್ಲ.

ಹಾಕಿದ ಮೇಲೆ ಸರ್ವರನ್ನು ಭದ್ರಗೊಳಿಸಲು ಒಂದು ಪುಟ್ಟ ಪ್ರೋಗ್ರಾಮ್ ಇರುತ್ತದೆ. ಅದು ಐದು ಪ್ರಶ್ನೆ ಕೇಳುತ್ತದೆ. ಎಲ್ಲಕ್ಕೂ ಹೌದು ಅಂದುಬಿಟ್ಟರೆ ಎರಡು ನಿಮಿಷದ ಕೆಲಸ ಎಂದ ಹುಡುಗ. ಎರಡು ನಿಮಿಷದಲ್ಲಿ ಮುಗಿದರೆ ಸಲಹೆಗಾರನಿಗೆ ಸಂಭಾವನೆ ಏಕೆ? ಐದು ಪ್ರಶ್ನೆಗಳನ್ನೂ ಆಡಳಿತ ಮಂಡಳಿಯ ಮುಂದಿಟ್ಟು, ಒಂದೊಂದನ್ನೂ ಕೂಲಂಕಷವಾಗಿ ಚರ್ಚಿಸಿ ತೀರ್ಮಾನಿಸಿದೆವು.

ಮೊದಲ ಪ್ರಶ್ನೆ, ರೂಟ್‌ಗೆ ಪಾಸ್‌ವರ್ಡ್ ಇಡಬೇಕೆ? ರೂಟ್ ಎಂದರೆ ಸರ್ವಾಧಿಕಾರಿ. ಏನನ್ನಾದರೂ ನೋಡಬಹುದು, ತಿದ್ದಬಹುದು, ಅಳಿಸಬಹುದು. ಹಳೆಯ ಆವೃತ್ತಿಯಲ್ಲಿ ಅದಕ್ಕೆ ಪಾಸ್‌ವರ್ಡೇ ಇರುವುದಿಲ್ಲ. ಇದನ್ನು ಮಾಡಿದ ಮೈಕೇಲ್ ವಿಡೇನಿಯಸ್ ಎಂಬ ಫಿನ್‌ಲ್ಯಾಂಡಿನ ತಂದೆ ತನ್ನ ಮಗಳು ‘ಮೈ’ಯ ಹೆಸರನ್ನೇ ಇದಕ್ಕೆ ಇಟ್ಟಿದ್ದಾನೆ. ಮನೆಮಗಳಿದ್ದ ಹಾಗೆ, ಬೀಗ ಹಾಕುವುದೆಂದರೇನು ಎಂದು ಒಬ್ಬ ನಿರ್ದೇಶಕರು ಕಣ್ಣು ಒದ್ದೆ ಮಾಡಿಕೊಂಡರು. ಆದರೂ ಕಾಲ ಕೆಟ್ಟಿದೆ ಎಂದು ಪಾಸ್‌ವರ್ಡ್ ಇಡಲು ಒಪ್ಪಿದೆವು. ಊರಿನ ಹೆಸರು, ಮುಂದೆ ಡ್ಯಾಂ ಮುಗಿದ ಇಸವಿ: ಟಿಬಿಡ್ಯಾಂ1953. ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು, ಠರಾವು ಪುಸ್ತಕದಲ್ಲಿ ದಾಖಲಾಯಿತು. ಠರಾವಿನ ಪ್ರತಿಯನ್ನು ನಿಯಮದ ಪ್ರಕಾರ ನೋಟಿಸ್ ಬೋರ್ಡಿಗೆ ಅಂಟಿಸಲಾಯಿತು. ವಾರ್ಷಿಕ ಮಹಾಸಭೆಯಲ್ಲಿ ಓದಿ ಹೇಳಿದಾಗ ಸದಸ್ಯರು ಚಪ್ಪಾಳೆ ತಟ್ಟಿದರು. ಪಾಸ್‌ವರ್ಡನ್ನು ಆಗಾಗ ಬದಲಿಸಬೇಕಲ್ಲವೇ ಎಂದ ಹುಡುಗನಿಗೆ, ಠರಾವು ಬದಲಿಸಲು ಕೋರಂ ಬೇಕೆಂದು ತಿಳಿಸಲಾಯಿತು.

ಈ ಸಂದರ್ಭದಲ್ಲಿ ನಿರ್ದೇಶಕರೊಬ್ಬರು ‘ಭೂಮಿ’ ಯೋಜನೆಯ ಪ್ರಸ್ತಾಪ ಮಾಡಿದರು. ತಾಲ್ಲೂಕು ಕಚೇರಿಗಳಲ್ಲಿ ಪಹಣಿ ಕಂಪ್ಯೂಟರಿಗೆ ಹೋದಾಗ ಸಿಬ್ಬಂದಿ ಬರೀ ಪಾಸ್‌ವರ್ಡ್ ಹೊಡೆದು ಒಳಹೋಗುವಂತಿರಲಿಲ್ಲ, ಬೆರಳಚ್ಚು ಕೊಡಬೇಕಿತ್ತು. ಯಾರು ಯಾವ ಪಹಣಿ ತಿದ್ದಿದರೆಂದು ಬೆರಳೇ ಹೇಳುತ್ತಿತ್ತು. ನಾವೂ ಹಾಗೇ ಮಾಡಬಾರದೇಕೆ? ನಾನು ಸಮಾಧಾನದಿಂದಲೇ ವಿವರಿಸಿದೆ: ಬೆರಳನ್ನು ನೋಟಿಸ್ ಬೋರ್ಡಿಗೆ ಅಂಟಿಸಲು ಬರುವುದಿಲ್ಲ. ಪಾರದರ್ಶಕತೆಗೆ ಧಕ್ಕೆ.

ಎರಡನೇ ಪ್ರಶ್ನೆ, ಅನಾಮಿಕ ಬಳಕೆದಾರರನ್ನು ತೆಗೆದುಹಾಕಬೇಕೆ? ಹಳೆಯ ಆವೃತ್ತಿಯಲ್ಲಿ ಹೆಸರು ಹೇಳದೆಯೂ ಒಳಗೆ ಬರಲು ಒಂದು ಖಾತೆ ಇರುತ್ತದೆ. ತೆಗೆಯುವುದು ಸಂಸ್ಕೃತಿಗೆ ವಿರುದ್ಧ ಎಂದು ಸಭೆ ಒಕ್ಕೊರಲಿನಿಂದ ಹೇಳಿತು. ಹಂಪಿಗೆ ಬಂದವರು ದಾರಿ ತಪ್ಪಿ ನಮ್ಮ ಓಣಿಗೆ ಬಂದರೆ ಮೊದಲು ನೀರು ಕೊಡುತ್ತೇವೆ, ಹೆಸರು ಆಮೇಲೆ ಕೇಳುತ್ತೇವೆ. ಹೆಸರಿದ್ದವರಿಗೂ ಬೇರೆ ಬೇರೆ ಖಾತೆ ಬೇಡವೆಂದಾಯಿತು. ನಾಲ್ಕು ಜನ ಸಿಬ್ಬಂದಿ, ಒಂದೇ ಲಾಗಿನ್. ಇದಕ್ಕೆ ನಮ್ಮ ಸೀಮೆಯಲ್ಲೇ ಪೂರ್ವನಿದರ್ಶನ ಇದೆ. ಸಂಡೂರಿನ ಗಣಿಗಳಿಂದ ಅದಿರು ಹೊರಡುತ್ತಿದ್ದ ಆ ಭರಾಟೆಯ ವರ್ಷಗಳಲ್ಲಿ ಒಂದು ಪರ್ಮಿಟ್ಟಿನ ಬೆನ್ನಿಗೆ ಎಷ್ಟು ಲಾರಿ ಹೋದವೆಂದು ಲಾರಿಗಳಿಗೇ ಗೊತ್ತಿರಲಿಲ್ಲ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಕೊಟ್ಟ ವರದಿಯಲ್ಲಿ ನಷ್ಟದ ಅಂದಾಜು 16,085 ಕೋಟಿ ರೂಪಾಯಿ. ಒಂದು ಚೀಟಿಯನ್ನು ಹಲವರು ಬಳಸಿದರೆ ಎಷ್ಟು ಕಾಗದ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಮೂರನೇ ಪ್ರಶ್ನೆ, ರೂಟ್ ದೂರದಿಂದ ಒಳಬರುವುದನ್ನು ನಿಷೇಧಿಸಬೇಕೆ? ಅಧ್ಯಕ್ಷರ ಮಗ ಬೆಂಗಳೂರಿನಲ್ಲಿದ್ದಾನೆ. ಅವನು ಆಗಾಗ ಅಲ್ಲಿಂದಲೇ ಅಪ್ಪನ ಸಂಘ ಹೇಗೆ ನಡೆದಿದೆ ಎಂದು ನೋಡಬೇಕಾಗುತ್ತದೆ. ಅಲ್ಲದೆ ನಮ್ಮ ಡ್ಯಾಂ ಇರುವುದು ಇಲ್ಲಿ. ಲೆಕ್ಕ ನೋಡುವುದು ತುಂಗಭದ್ರಾ ಬೋರ್ಡು. ನೀರು ಕೇಳುವುದು ಮೂರು ರಾಜ್ಯ. ದೂರದವರಿಗೆ ಹತ್ತಿರದವರಷ್ಟೇ ಹಕ್ಕು ಎಂಬುದು ಈ ಮಣ್ಣಿನ ಗುಣ. ಹಾಗಾಗಿ ಸರ್ವರ್ ತನ್ನ ಯಂತ್ರದ ಒಳಗಿನವರ ಮಾತನ್ನಷ್ಟೇ ಕೇಳುವಂತೆ ಹುಡುಗ ಬರೆದಿದ್ದ ಒಂದು ಸಾಲನ್ನು ಅಳಿಸಿ, ಜಗತ್ತಿನ ಯಾವ ಮೂಲೆಯಿಂದ ಕರೆದರೂ ಓಗೊಡುವಂತೆ ಮಾಡಿಸಿದೆ. ನಾಲ್ಕು ಸೊನ್ನೆ, ನಡುವೆ ಮೂರು ಚುಕ್ಕಿ. ಅಷ್ಟೇ ಬರೆಯುವುದು. ಸೊನ್ನೆಗೆ ಇಷ್ಟು ಶಕ್ತಿಯಿದೆಯೆಂದು ಅಂದೇ ನನಗೆ ತಿಳಿದದ್ದು.

ಫೈರ್‌ವಾಲ್ ಎಂಬುದನ್ನಾದರೂ ಹಾಕೋಣ, ಬೇಕಾದವರ ವಿಳಾಸಕ್ಕೆ ಮಾತ್ರ ದಾರಿ ಬಿಡೋಣ ಎಂದ ಹುಡುಗ. ಅವನನ್ನು ಹಂಪಿಗೆ ಕರೆದುಕೊಂಡು ಹೋದೆ. 1443ರಲ್ಲಿ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಈ ಪಟ್ಟಣಕ್ಕೆ ಒಂದರೊಳಗೊಂದು ಏಳು ಸುತ್ತಿನ ಕೋಟೆ ಇತ್ತೆಂದು ಬರೆದಿದ್ದಾನೆ. ಹೊರಗಡೆ ಕುದುರೆ ದಂಡು ನುಗ್ಗದಂತೆ ಆಳೆತ್ತರದ ಕಲ್ಲುಗಳನ್ನು ನೆಟ್ಟಿದ್ದರಂತೆ. ವಿಜಯನಗರ ಸೋತ 1565ರ ಯುದ್ಧ ನಡೆದದ್ದು ದೂರದ ಕೃಷ್ಣಾ ತೀರದಲ್ಲಿ. ಏಳು ಗೋಡೆಗಳೂ ಇಲ್ಲಿ ಗಟ್ಟಿಯಾಗಿಯೇ ನಿಂತಿದ್ದವು. ಕಾಯುವವರು ಉಳಿದಿರಲಿಲ್ಲ, ಅಷ್ಟೆ. “ಏಳು ಗೋಡೆ ಇದ್ದೂ ಹೀಗಾತು, ನಿನ್ನ ಒಂದು ಗೋಡೆ ಏನು ಮಾಡೀತು?” ಎಂದೆ. “ಕಾಯೋರು ಇರಬೇಕಿತ್ತಲ್ಲ ಸಾರ್” ಎಂದು ಹುಡುಗ ವಿಷಯಾಂತರ ಮಾಡಿದ. ಮಹಾನವಮಿ ದಿಬ್ಬದ ಹತ್ತಿರ ಬಿದ್ದಿರುವ ಎರಡು ಕಲ್ಲಿನ ಬಾಗಿಲುಗಳನ್ನೂ ಅವನಿಗೆ ತೋರಿಸಿದೆ. ಬಾಗಿಲಿದೆ, ಚೌಕಟ್ಟೂ ಇಲ್ಲ, ಗೋಡೆಯೂ ಇಲ್ಲ. ಆದರೂ ಎಲ್ಲರೂ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಪಾಸ್‌ವರ್ಡನ್ನು ನಾನು ಕಲ್ಪಿಸಿಕೊಂಡದ್ದು ಹೆಚ್ಚುಕಡಿಮೆ ಇದೇ ಮಾದರಿಯಲ್ಲಿ.

ನಾಲ್ಕನೇ ಪ್ರಶ್ನೆ, ‘ಟೆಸ್ಟ್’ ಎಂಬ ಡೇಟಾಬೇಸನ್ನು ಅಳಿಸಬೇಕೆ? ಇದು ಕಲಿಯುವವರಿಗೆಂದು ಇಟ್ಟ ಆಟದ ಮೈದಾನ, ಯಾರು ಬೇಕಾದರೂ ಹೊಗಬಹುದು. ಅಳಿಸುವಂತಿರಲಿಲ್ಲ, ಏಕೆಂದರೆ ಅಷ್ಟರಲ್ಲಿ ಸಂಘದ ಪೂರ್ತಿ ಲೆಕ್ಕ ಅದರಲ್ಲೇ ಇತ್ತು. ಬೇರೆ ಡೇಟಾಬೇಸ್ ತೆರೆಯಲು ಹೋದರೆ ಅನುಮತಿ ಕೇಳುತ್ತಿತ್ತು, ಇದು ಕೇಳುತ್ತಿರಲಿಲ್ಲ. ಕಂಪ್ಲಿಯ ಭತ್ತದವರು, ಕಮಲಾಪುರದ ಬಾಳೆಯವರು, ಎಲ್ಲರ ಸಾಲದ ಕಂತು, ಜಾಮೀನು, ಫೋನ್ ನಂಬರು ‘ಟೆಸ್ಟ್’ನಲ್ಲಿ ಸುಖವಾಗಿದ್ದವು. ಕಳ್ಳ ಬಂದರೂ ಇದು ಬರೀ ಟೆಸ್ಟ್ ಎಂದುಕೊಂಡು ಮುಂದೆ ಹೋಗುತ್ತಾನೆ ಎಂಬುದು ನನ್ನ ತಂತ್ರ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಭದ್ರತೆ ವಹಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹೇಳಿದೆ ಎಂದು ಲೆಕ್ಕಪರಿಶೋಧಕರು ಎಚ್ಚರಿಸಿದರು. ಸಂಘದ ಒಟ್ಟು ಶೇರು ಬಂಡವಾಳ ನೋಡಿದವರು ಅಷ್ಟು ಮೊತ್ತ ಕೇಳಲು ಅವರೇ ನಾಚಿಕೊಳ್ಳುತ್ತಾರೆ ಎಂದು ಸಭೆ ದಾಖಲಿಸಿತು.

ಐದನೇ ಪ್ರಶ್ನೆ, ಅಧಿಕಾರಗಳ ಪಟ್ಟಿಯನ್ನು ಈಗಲೇ ಮರು ಓದಿಸಬೇಕೆ? ಮೇಲಿನ ಬದಲಾವಣೆಗಳು ತಕ್ಷಣ ಜಾರಿಗೆ ಬರಬೇಕೇ ಎಂಬುದು ಇದರ ಅರ್ಥ. ಸರ್ಕಾರಿ ಆದೇಶಗಳನ್ನು ಕಂಡವರಿಗೆ ಆದೇಶ ಹೊರಡುವುದಕ್ಕೂ ಜಾರಿಯಾಗುವುದಕ್ಕೂ ಇರುವ ಅಂತರ ಗೊತ್ತು. ಆ ಅಂತರದಲ್ಲೇ ಆಡಳಿತ ಉಸಿರಾಡುವುದು. ‘ಈಗ ಬೇಡ’ ಎಂದೆವು.

ಇನ್ನು ಬ್ಯಾಕಪ್. ಇದರ ಬಗ್ಗೆ ನನಗೆ ಡ್ಯಾಂ ಕಲಿಸಿದಷ್ಟು ಯಾವ ಪುಸ್ತಕವೂ ಕಲಿಸಿಲ್ಲ. 19ನೇ ಗೇಟು ಹೋದ ರಾತ್ರಿ ಅದರ ಜಾಗಕ್ಕೆ ಇಳಿಸಲು ಸಿದ್ಧವಿದ್ದ ಸ್ಟಾಪ್‌ಲಾಗ್ ಇರಲಿಲ್ಲ. ಸುತ್ತಲ ಕಾರ್ಖಾನೆಗಳಲ್ಲಿ ಹಗಲು ರಾತ್ರಿ ತಯಾರಿಸಿ, ಗೇಟ್ ತಜ್ಞ ಎನ್. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಐದು ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ವಾರದೊಳಗೆ ಬಾಯಿ ಮುಚ್ಚಿದರು. ಅಷ್ಟರಲ್ಲಿ ಹತ್ತಾರು ಟಿಎಂಸಿ ನೀರು ಕೆಳಗೆ ಹೋಗಿತ್ತು. ಆಮೇಲೆ ಮಳೆ ಬಂದು ಜಲಾಶಯ ಮತ್ತೆ ತುಂಬಿತು. ಇದರಿಂದ ನಾನು ತೆಗೆದ ಸಾರಾಂಶ: ಬದಲಿ ಗೇಟನ್ನು ಮೊದಲೇ ಮಾಡಿಟ್ಟರೆ ತುಕ್ಕು ಹಿಡಿಯುತ್ತದೆ, ಬೇಕಾದಾಗ ಮಾಡಿಸಿದರಾಯಿತು, ಉಳಿದದ್ದನ್ನು ಮಳೆ ನೋಡಿಕೊಳ್ಳುತ್ತದೆ. ದತ್ತಾಂಶದ ಮಳೆ ಯಾವ ತಿಂಗಳಲ್ಲಿ ಬರುತ್ತದೆ ಎಂದು ಹುಡುಗ ಕೇಳಿದ್ದಕ್ಕೆ, ನೋಡೋಣ ಎಂದಿದ್ದೆ.

ಅವನ ಸಮಾಧಾನಕ್ಕೆ ಒಂದು ಪೆನ್‌ಡ್ರೈವ್ ತಂದು ಅದೇ ಸರ್ವರಿಗೆ ಸಿಕ್ಕಿಸಿ ಬಿಟ್ಟೆ. ಪ್ರತಿ ರಾತ್ರಿ ದತ್ತಾಂಶದ ಪ್ರತಿ ಅದಕ್ಕೆ ಇಳಿಯಬೇಕು. ಇಳಿಯುತ್ತಿದೆಯೇ ಎಂದು ತೆರೆದು ನೋಡಲಿಲ್ಲ, ನಂಬಿಕೆಯೇ ದೊಡ್ಡದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಅಂತರರಾಷ್ಟ್ರೀಯ ಕಂಪನಿಯಲ್ಲಿ ದಣಿದ ಎಂಜಿನಿಯರ್ ಒಬ್ಬರು ತಪ್ಪು ಯಂತ್ರದ ಡೇಟಾಬೇಸ್ ಅಳಿಸಿದಾಗ ಅವರ ಬಳಿ ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಇತ್ತು, ಐದರಲ್ಲಿ ಒಂದೂ ನೆಟ್ಟಗೆ ಕೆಲಸಕ್ಕೆ ಬರಲಿಲ್ಲ. ಆರು ತಾಸಿನ ಹಿಂದೆ ಯಾರೋ ಬೇರೇನೋ ಕಾರಣಕ್ಕೆ ತೆಗೆದಿಟ್ಟಿದ್ದ ಪ್ರತಿ ಅವರನ್ನು ಕಾಪಾಡಿತು. ಅವರದು ಐದು ವ್ಯರ್ಥ, ನಮ್ಮದು ಒಂದೇ. ಮಿತವ್ಯಯದಲ್ಲಿ ನಾವು ಮುಂದಿದ್ದೆವು.

ಲಾಗ್‌ಗಳ ವಿಷಯ ಸುಲಭ. ಯಾರು ಬಂದರು, ಯಾರು ಹೋದರು, ಯಾರು ಸಾವಿರ ಸಲ ಬಾಗಿಲು ತಟ್ಟಿದರು ಎಂದು ಸರ್ವರ್ ಬರೆದಿಡುತ್ತಲೇ ಇರುತ್ತದೆ. ಇದು ಹೂಳು. ನಮ್ಮ ಜಲಾಶಯ ಕಟ್ಟಿದಾಗ 132 ಟಿಎಂಸಿಗೂ ಹೆಚ್ಚು ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಎಷ್ಟೋ ವರ್ಷಗಳಿಂದ ಎಷ್ಟೋ ಜನ ಹೂಳೆತ್ತುವ ಮಾತಾಡಿದ್ದಾರೆ. ನಾನು ಸರ್ವರಿನ ಹೂಳನ್ನು ಒಂದೇ ಮಧ್ಯಾಹ್ನದಲ್ಲಿ ಎತ್ತಿಸಿ, ಮುಂದೆ ಬೀಳದಂತೆಯೂ ನಿಲ್ಲಿಸಿದೆ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಟ್ಟಿರಬೇಕಂತೆ. ಇಲ್ಲದ್ದನ್ನು ಎಷ್ಟು ದಿನ ಬೇಕಾದರೂ ಇಡಬಹುದು.

ಹಾಗಾದರೆ ಅಪಾಯ ಬಂದದ್ದು ತಿಳಿಯುವುದು ಹೇಗೆ? ಹಂಪಿಯವರಿಗೆ ತಿಳಿಯುವ ಹಾಗೆಯೇ. ಪುರಂದರ ಮಂಟಪ ಮುಳುಗಿದರೆ ಡ್ಯಾಂನಿಂದ ಜಾಸ್ತಿ ನೀರು ಬಿಟ್ಟಿದ್ದಾರೆಂದು ಅರ್ಥ. ಕಂಪ್ಲಿ ಸೇತುವೆ ಮೇಲೆ ನೀರು ಬಂದರೆ ಗಂಗಾವತಿಗೆ ಸುತ್ತಿ ಹೋಗಬೇಕೆಂದು ಅರ್ಥ. ಮುಳುಗಿದ ಮೇಲೆ ಎಲ್ಲರಿಗೂ ಒಟ್ಟಿಗೆ, ಸ್ಪಷ್ಟವಾಗಿ ತಿಳಿಯುತ್ತದೆ.

ನಮಗೂ ಹಾಗೇ ತಿಳಿಯಿತು. ಒಂದು ಸೋಮವಾರ ಹತ್ತೂವರೆಗೆ ಸಾಲದ ಕಂತು ಕಟ್ಟಲು ಬಂದ ರೈತರೊಬ್ಬರಿಗೆ ಸಾಲವೇ ಇರಲಿಲ್ಲ. ಅವರ ಮುಖದ ಆನಂದ ನೋಡುವಂತಿತ್ತು. ಅವರ ಹಿಂದೆ ನಿಂತಿದ್ದವರಿಗೂ ಇರಲಿಲ್ಲ. ಸರತಿ ಸಾಲು ಬೆಳೆಯತೊಡಗಿತು. ಹುಡುಗ ಬಂದು, ಸರ್ವರಿನ ಪಕ್ಕದಲ್ಲೇ ಕೂತು, ಹೇಗೋ ಒಳಹೊಕ್ಕು ನೋಡಿದ. ಕೋಷ್ಟಕಗಳೆಲ್ಲ ಹೋಗಿದ್ದವು. ಉಳಿದದ್ದು ಒಂದೇ, ಅದರ ಹೆಸರು ‘ವಾರ್ನಿಂಗ್’. ಒಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು: 0.2 ಬಿಟ್‌ಕಾಯಿನ್ ಕಳಿಸಿ, ದತ್ತಾಂಶ ವಾಪಸ್ ಪಡೆಯಿರಿ. 2017ರಲ್ಲಿ ಬಾಗಿಲು ತೆರೆದಿಟ್ಟ ಸಾವಿರಾರು ಡೇಟಾಬೇಸುಗಳಿಗೆ ಇಂಥದೇ ಚೀಟಿ ಬಂದಿತ್ತೆಂದೂ, ಎಷ್ಟೋ ಕಡೆ ಕಳ್ಳರು ಪ್ರತಿ ತೆಗೆದಿಟ್ಟುಕೊಳ್ಳದೆ ಸುಮ್ಮನೆ ಅಳಿಸಿದ್ದರೆಂದೂ, ದುಡ್ಡು ಕೊಟ್ಟರೂ ಕೊಡಲು ಅವರ ಹತ್ತಿರ ಏನೂ ಇರಲಿಲ್ಲವೆಂದೂ ಹುಡುಗ ಹೇಳಿದ. ಪೆನ್‌ಡ್ರೈವ್ ತೆರೆದೆವು. ಅದರಲ್ಲಿ ಅಧ್ಯಕ್ಷರ ಮಗನ ಮದುವೆಯ ಫೋಟೋಗಳಿದ್ದವು. ಜಾಗ ತುಂಬಿದ್ದರಿಂದ ಬ್ಯಾಕಪ್ ಮೊದಲ ರಾತ್ರಿಯೇ ನಿಂತಿತ್ತು.

ಇಂಥ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್‌ನ ಅದೇ ನಿರ್ದೇಶನದಲ್ಲಿದೆ. ಕಚೇರಿ ಮುಚ್ಚುವುದು ಐದೂವರೆಗೆ, ಆರಕ್ಕೆ ಯಾರೂ ಇರುವುದಿಲ್ಲ. ಆದ್ದರಿಂದ ನಾಳೆ ಆರು ಗಂಟೆಯೊಳಗೆ ಎಂದು ತೀರ್ಮಾನಿಸಿದೆವು.

ಆದರೆ ತಜ್ಞನ ಕಣ್ಣಿಗೆ ಬೇರೆಯದೇ ಕಂಡಿತು. ಬಂದವನು ರೂಟ್‌ಗೆ ಉದ್ದನೆಯ, ಯಾರ ಊಹೆಗೂ ಸಿಗದ ಪಾಸ್‌ವರ್ಡ್ ಇಟ್ಟಿದ್ದ. ಅನಾಮಿಕ ಖಾತೆಯನ್ನು ತೆಗೆದಿದ್ದ. ‘ಟೆಸ್ಟ್’ ಡೇಟಾಬೇಸನ್ನು ಅಳಿಸಿದ್ದ. ಬದಲಾವಣೆಗಳನ್ನು ಅಲ್ಲೇ ಜಾರಿಗೊಳಿಸಿದ್ದ. ದೂರದಿಂದ ಬರುವ ದಾರಿ ಒಂದನ್ನು ಮಾತ್ರ ತನಗಾಗಿ ಉಳಿಸಿಕೊಂಡಿದ್ದ, ಪರವೂರಿನವನಲ್ಲವೇ. ಐದು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಸರಿಯುತ್ತರ, ಅದೂ ಕೋರಂ ಇಲ್ಲದೆ. ನಮ್ಮ ಸರ್ವರ್ ಅಂದು ಮೊದಲ ಬಾರಿಗೆ ಭದ್ರವಾಗಿತ್ತು. ಇದನ್ನು ಸಭೆಗೆ ವಿವರಿಸಿದೆ. ಯಾಕೋ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅಷ್ಟರಲ್ಲಿ ಕ್ಯಾಶ್ ಕೌಂಟರಿನ ಅಕ್ಕಾರು ಅಲಮಾರಿಯಿಂದ ಉದ್ದನೆಯ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಸರ್ವರ್ ಬಂದ ದಿನದಿಂದ ಹಿಂದಿನ ಶನಿವಾರದವರೆಗೆ ಒಂದೊಂದು ಜಮೆ, ಒಂದೊಂದು ಖರ್ಚು, ಹೆಸರು ಸಮೇತ, ಅವರ ಗುಂಡು ಅಕ್ಷರದಲ್ಲಿ.

“ಇದನ್ನ್ಯಾಕೆ ಬರೆದ್ರಿ ಅಕ್ಕಾರೇ? ಕಂಪ್ಯೂಟರ್ ಇತ್ತಲ್ಲ” ಎಂದೆ.

“ಸಂಜೆ ಬಾಗಿಲು ಹಾಕಾಕಿಂತ ಮುಂಚೆ ಅದಕ್ಕೂ ಇದಕ್ಕೂ ತಾಳೆ ನೋಡತಿದ್ದೆ ಸಾರ್. ದಿನಾ ಹತ್ತು ನಿಮಿಷ. ಕಾರ್ಬನ್ ಹಾಳಿ ಇಟ್ಟು ಬರದೀನಿ, ಇನ್ನೊಂದು ಪ್ರತಿ ಮನ್ಯಾಗೈತಿ.”

ಸಾಲಗಳೆಲ್ಲ ಮರಳಿ ಬಂದವು. ರೈತರ ಮುಖ ಮೊದಲಿನಂತಾಯಿತು. ಘಟನೆಯ ಕುರಿತ ನನ್ನ ಅಂತಿಮ ವರದಿಯನ್ನು ಆಡಳಿತ ಮಂಡಳಿಗೆ ಸಲ್ಲಿಸಿದ್ದೇನೆ. ಅದರಲ್ಲಿ ಮುಖ್ಯವಾಗಿ ಎತ್ತಿ ತೋರಿಸಿರುವ ಲೋಪಗಳು ಇವು: ಅಕ್ಕಾರ ಪುಸ್ತಕಕ್ಕೆ ಪಾಸ್‌ವರ್ಡ್ ಇಲ್ಲ. ಅದನ್ನು ಬೆಂಗಳೂರಿನಿಂದ ನೋಡಲು ಬರುವುದಿಲ್ಲ. ಎರಡನೇ ಪ್ರತಿಯನ್ನು ಯಾವ ಠರಾವೂ ಇಲ್ಲದೆ ಕಚೇರಿಯ ಹೊರಗೆ ಇಟ್ಟಿದ್ದಾರೆ. ಅಲಮಾರಿಯ ಕೀಲಿಯನ್ನು ನೋಟಿಸ್ ಬೋರ್ಡಿಗೆ ತೂಗುಹಾಕಿ ಎಂದರೆ, ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋಗುತ್ತಾರೆ.